ಮೊದಲು ಬಂದ ಅಂಕಿ

ಕೆಲಗೇರಿಯ ಕೆರೆಗೆ ಬೆನ್ನು ಹಾಕಿ ನಿಂತ ಸಾಲುಮನೆಗಳಲ್ಲಿ ಮೂರನೆಯದು ಉದಯಕುಮಾರನದು. ಆ ಮನೆಗೆ ಹೋಗಿ ಬಂದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಾಗಿಲು ದಾಟುವಾಗ ಅವನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಹೊಸ್ತಿಲ ಮೇಲೆ ನಿಂತವರಿಗೆ ಮೈ ತಾಗದಂತೆ ಒಳಗೆ ಬರುತ್ತಾನೆ. ಹೊಸ್ತಿಲ ಮೇಲೆ ಯಾರೂ ಇರುವುದಿಲ್ಲ. ಅವನ ಹೆಂಡತಿ ಸಂಘಮಿತ್ರಾ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು, ದೆವ್ವ ಭೂತಕ್ಕೆಲ್ಲ ಸೊಪ್ಪು ಹಾಕುವ ಹೆಂಗಸಲ್ಲ. ಮೊದಮೊದಲು ನಕ್ಕಳು. ಯಾರಿಗೆ ದಾರಿ ಬಿಡುತ್ತೀರಿ ಎಂದು ಒಮ್ಮೆ ಕೇಳಿದಳು. ಚಟ ಅಂದ. ಚಟವಲ್ಲ ಎಂದು ಅವಳಿಗೆ ಗೊತ್ತಾಯಿತು, ಆಮೇಲೆ ಕೇಳುವುದನ್ನು ಬಿಟ್ಟಳು.

ಆ ಹೊಸ್ತಿಲ ಮೇಲೆ ಅವನಿಗೆ ಕಾಣುತ್ತಿದ್ದವನು ಕಮರುದ್ದೀನ. ಹುಬ್ಬಳ್ಳಿಯವನು, ದುರ್ಗದಬೈಲಿನ ಹಿಂದಿನ ಓಣಿಯವನು. ಸತ್ತು ಹನ್ನೆರಡು ವರ್ಷವಾಗಿತ್ತು. ಬದುಕಿದ್ದಾಗಲೂ ಅವನು ಉದಯಕುಮಾರನ ಪ್ರಯೋಗಾಲಯದ ಬಾಗಿಲಲ್ಲೇ ನಿಲ್ಲುತ್ತಿದ್ದ. ಎಣ್ಣೆ ಮೆತ್ತಿದ ಬೂಟು ಹಾಕಿಕೊಂಡು ಒಳಗೆ ಬರಬಾರದೆಂಬ ನಿಯಮವಿತ್ತಲ್ಲ, ಅದಕ್ಕೆ. ಕೈಯಲ್ಲಿ ಎಣ್ಣೆಯ ಬಾಟಲಿ ಹಿಡಿದು, ಇನ್ನೊಂದು ಕೈಯ ಸ್ಪ್ಯಾನರಿನಿಂದ ಬಾಗಿಲ ಚೌಕಟ್ಟನ್ನು ಟಕ್ ಟಕ್ ಎಂದು ಬಡಿಯುತ್ತ ಕಾಯುತ್ತಿದ್ದ.

ಉದಯಕುಮಾರನ ಕಥೆಯನ್ನು ಅವನ ಕೈಯಿಂದಲೇ ಶುರು ಮಾಡಬೇಕು. ಧಾರವಾಡದ ಹತ್ತಿರದ ಹಳ್ಳಿಯ ಗಂಗಪ್ಪ, ಶೇವಂತೆವ್ವರ ಮಗ. ಗಂಗಪ್ಪ ಸರಕಾರಿ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ, ಮನೆಯ ಗೋಡೆಗೆ ಬುದ್ಧನ ಚಿತ್ರ ಮೊಳೆ ಹೊಡೆದು ಹಾಕಿದ ಆ ಓಣಿಯ ಮೊದಲ ಮನುಷ್ಯ. ಹುಡುಗನನ್ನು ಉಪ್ಪಿಗೆ ಕಳಿಸಿದರೆ ಅಂಗಡಿಯವನು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ಊರೆಲ್ಲ ಹೇಳುವ ಮಾತೇ. ಹುಡುಗ ಬಹಳ ದಿನ ಅದನ್ನೇ ನಂಬಿದ್ದ. ಬೆಲ್ಲವನ್ನೂ ತನಗೆ ಕೈಯಿಂದ ಕೈಗೆ ಕೊಡುವುದಿಲ್ಲ ಎಂಬುದನ್ನು ಗಮನಿಸಿದಾಗ ಅವನಿಗೆ ಒಂಬತ್ತು ವರ್ಷ.

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವುದನ್ನು ಕಲಿತವನು ಉದಯಕುಮಾರ. ಎಲ್ಲಿ ಏನು ತಪ್ಪಾದರೂ ಮೊದಲು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಅಂಗೈಯಾದರೂ ಎಂಥದ್ದು, ಡಿಸೆಂಬರಿನ ಚಳಿಯಲ್ಲೂ ಬೆವರುವಂಥದ್ದು. ಧಾರವಾಡದಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮಾಡುವಾಗ ಉತ್ತರಪತ್ರಿಕೆ ಒದ್ದೆಯಾಗದಿರಲೆಂದು ಕೈ ಕೆಳಗೆ ಕರವಸ್ತ್ರ ಹಾಸಿಕೊಂಡು ಬರೆದು, ವರ್ಗಕ್ಕೇ ಮೊದಲಿಗನಾದ. ಆಮೇಲೆ ರಾಜ್ಯ ದಾಟಿ ಪಡುವಣ ಕಡಲ ದಂಡೆಯ ಒಂದು ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಪ್ರಯೋಗಾಲಯ ಸೇರಿದ. ಅಲ್ಲಿ ಅವನ ಪಾಲಿಗೆ ಬಂದ ಕೆಲಸ ಎಣ್ಣೆಯಲ್ಲಿ ಉಪ್ಪು ಎಷ್ಟಿದೆ ಎಂದು ನೋಡಿ ಬರೆಯುವುದು.

ನೆಲದಡಿಯಿಂದ ಬರುವ ಕಚ್ಚಾ ಎಣ್ಣೆ ಒಂಟಿಯಾಗಿ ಬರುವುದಿಲ್ಲ. ಮಣ್ಣು, ತುಕ್ಕು, ಉಪ್ಪುನೀರು ಎಲ್ಲವನ್ನೂ ಕಟ್ಟಿಕೊಂಡು ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಉಪ್ಪುನೀರು ಎಣ್ಣೆಯೊಳಗೆ ಅಡಗಿ ಕೂತಿರುತ್ತದೆ. ಹಾಗೆಯೇ ಕುಲುಮೆಗೆ ಬಿಟ್ಟರೆ ಕಾದ ಉಪ್ಪು ಆಮ್ಲವಾಗಿ, ಮೇಲಿನ ಕೊಳವೆಗಳನ್ನು ಒಳಗಿನಿಂದ ತಿನ್ನತೊಡಗುತ್ತದೆ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಎಣ್ಣೆಗೂ ಅದೇ ಕಾನೂನು. ಅದನ್ನು ಕಾಯಿಸಿ, ಸಿಹಿನೀರು ಬೆರೆಸಿ, ಎರಡು ಬಸ್ಸಿನಷ್ಟು ಉದ್ದದ ಉಕ್ಕಿನ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯೊಳಗೆ ವಿದ್ಯುತ್ತಿನ ಜಾಲರಿ. ಅದರ ಪ್ರಭಾವಕ್ಕೆ ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದಪ್ಪಗಾಗಿ, ಉಪ್ಪನ್ನು ಹೊತ್ತುಕೊಂಡು ತಳಕ್ಕಿಳಿಯುತ್ತವೆ. ಎಣ್ಣೆ ಮೇಲಿಂದ ಮುಂದೆ ಹೋಗುತ್ತದೆ, ಉಪ್ಪುನೀರು ಕೆಳಗಿಂದ ಹೊರಗೆ. ಹೀಗೆ ಹೊರಟ ಎಣ್ಣೆಯಲ್ಲಿ ಸಾವಿರ ಪೀಪಾಯಿಗೆ ಒಂದು ಪೌಂಡಿಗಿಂತ ಹೆಚ್ಚು ಉಪ್ಪು ಉಳಿದಿರಬಾರದು. ಉಳಿದಿದೆಯೋ ಇಲ್ಲವೋ ಹೇಳಬೇಕಾದವನು ಉದಯಕುಮಾರ.

ತೊಟ್ಟಿಯ ಕಾವಲು ಕಮರುದ್ದೀನನದು. ದಿನಕ್ಕೆ ಮೂರು ಸಲ ಬಾಟಲಿ ತುಂಬಿ ತರುವವನೂ ಅವನೇ. ಇಬ್ಬರ ಹೆಂಡಿರು ಮಕ್ಕಳೂ ಇತ್ತ ಹುಬ್ಬಳ್ಳಿ ಧಾರವಾಡದಲ್ಲಿ, ಇವರಿಬ್ಬರು ಅತ್ತ ಒಂದೇ ಖೋಲಿಯಲ್ಲಿ. ಹೆಂಡತಿ ಮೀರಾಬಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕಮರುದ್ದೀನ ಮೊದಲು ಗೆಳೆಯನ ಮುಂದೆ ಬಿಚ್ಚುತ್ತಿದ್ದ. ಚಟ್ನಿಯನ್ನು ಎತ್ತಿ ಗೆಳೆಯನ ಬೆವರುವ ಅಂಗೈಗೇ ಹಾಕುತ್ತಿದ್ದ. ಸ್ಪ್ಯಾನರಿನಿಂದ ಕೊಳವೆಗಳನ್ನು ಬಡಿದು ಸಪ್ಪಳ ಕೇಳುವುದು ಅವನ ಪದ್ಧತಿ. ಗಟ್ಟಿ ಕೊಳವೆ ಒಂದು ಥರ ನುಡಿಯುತ್ತದೆ, ಸವೆದದ್ದು ಬೇರೆ ಥರ. ಪುಸ್ತಕದಲ್ಲಿ ಇಲ್ಲದ್ದು ಕಿವಿಯಲ್ಲಿದೆ ಎಂದು ಅವನ ವಾದ. ಊರಿಗೆ ಬಂದರೆ ಮನೆಯ ತಪ್ಪೇಲಿ, ಮಂಚದ ಕಾಲು, ಕಿಟಕಿಯ ಸರಳು ಯಾವುದನ್ನೂ ಬಿಡುತ್ತಿರಲಿಲ್ಲ, ಮೀರಾಬಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ.

ಪ್ರಯೋಗಾಲಯದ ಯಜಮಾನರು ಬಾಳಕೃಷ್ಣರಾಯರು, ಮೂಲತಃ ಹುಬ್ಬಳ್ಳಿ ದೇಶಪಾಂಡೆ ನಗರದವರು. ಬಹಳ ಮೃದುಮಾತಿನ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಉಪ್ಪಿನ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಬೆವರಿನಲ್ಲೂ ಉಪ್ಪು ಇರುವುದರಿಂದ ಗಾಜಿನ ಒಳಮೈಗೆ ಬೆರಳು ತಾಗಿದರೂ ಸಾಕು, ಅಂಕಿ ಏರುತ್ತದೆ. ಹಾಗಾಗಿ ಅಂಕಿ ಏರಿದಾಗಲೆಲ್ಲ ರಾಯರು ಕನ್ನಡಕ ಸರಿಪಡಿಸಿಕೊಂಡು, ಉದಯಕುಮಾರ ಅವರೇ, ಕೈ ತೊಳಕೊಂಡಿದ್ದಿರೇನು, ಎಂದು ಸಮಾಧಾನದಿಂದ ಕೇಳುತ್ತಿದ್ದರು. ಅಲ್ಲಿ ಇನ್ನೂ ನಾಲ್ವರು ಅದೇ ಪರೀಕ್ಷೆ ಮಾಡುತ್ತಿದ್ದರು, ಅವರ ಅಂಕಿ ಏರಿದರೆ ರಾಯರು ತೊಟ್ಟಿಯನ್ನು ನೋಡಲು ಹೇಳುತ್ತಿದ್ದರು. ಕೇಳುವ ಧಾಟಿಯಲ್ಲಿ ಸಿಟ್ಟಿಲ್ಲ, ತಿರಸ್ಕಾರವಿಲ್ಲ, ಹಿಡಿದು ಜಗಳವಾಡಲು ಏನೂ ಇಲ್ಲ. ಉದಯಕುಮಾರ ತಲೆ ತಗ್ಗಿಸಿ ನಲ್ಲಿಯ ಕಡೆ ನಡೆಯುತ್ತಿದ್ದ. ಕೆಲವು ವರ್ಷಗಳಲ್ಲಿ ರಾಯರು ಕೇಳುವ ಅಗತ್ಯವೂ ಉಳಿಯಲಿಲ್ಲ, ತಾನೇ ಕೇಳಿಕೊಂಡು ತಾನೇ ನಡೆಯುವಂತಾದ.

ಒಂದು ವರ್ಷ ಜೂನ್ ತಿಂಗಳಲ್ಲಿ ಹೊಸ ದೇಶದ ಎಣ್ಣೆ ಬಂತು. ಮಂದವಾದ, ಕೊಳಕು ಎಣ್ಣೆ, ಅದರ ಬಾಟಲಿಗಳೆಲ್ಲ ಬಂದದ್ದು ಉದಯಕುಮಾರನ ಮೇಜಿಗೇ. ಮೊದಲ ದಿನವೇ ಉದಯಕುಮಾರನ ಪರೀಕ್ಷೆಯಲ್ಲಿ ಒಂದು ಬರುವ ಜಾಗದಲ್ಲಿ ಒಂಬತ್ತು ಬಂತು. ಅವನು ಅಂಗೈ ನೋಡಿಕೊಂಡ, ಒದ್ದೆಯಾಗಿತ್ತು. ಹೋಗಿ ಸಾಬೂನು ಹಚ್ಚಿ ತೊಳೆದ, ಒರೆಸಿದ, ಮತ್ತೆ ತೊಳೆದ. ಬಂದು ಎರಡನೆಯ ಸಲ ನೋಡಿದ, ಮೂರು. ಇನ್ನೊಮ್ಮೆ ತೊಳೆದು ಬಂದು ನೋಡಿದ, ಒಂದು. ನೋಡಿದೆಯಾ, ಕೈಯದೇ ತಪ್ಪು ಎಂದು ಸಮಾಧಾನಪಟ್ಟು, ಒಂದು ಎಂದು ಬರೆದ. ಮೊದಲಿನ ಒಂಬತ್ತನ್ನು ಎಲ್ಲಿಯೂ ಬರೆಯಲಿಲ್ಲ. ಸೆಪ್ಟೆಂಬರಿನ ತನಕ ಹೀಗೆ ಮೂವತ್ತೇಳು ಸಲ ಆಯಿತು.

ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಿಯೇ ಎಣ್ಣೆ ತೆಗೆಯಬೇಕು. ಇಲ್ಲದಿದ್ದರೆ ತೊಟ್ಟಿಯಲ್ಲಿ ಆಗುವುದೇ ಬಾಟಲಿಯಲ್ಲೂ ಆಗುತ್ತದೆ, ಉಪ್ಪುನೀರು ಮೆಲ್ಲಗೆ ತಳಕ್ಕಿಳಿಯುತ್ತದೆ. ಉದಯಕುಮಾರನಿಗೆ ಇದು ಗೊತ್ತಿಲ್ಲದ್ದೇನಲ್ಲ, ಮೊದಲ ಸಲ ಕುಲುಕಿಯೇ ತೆಗೆಯುತ್ತಿದ್ದ. ಆದರೆ ಕುಲುಕಬೇಕೆಂದರೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಬೇಕಲ್ಲ. ಅದೇ ಬೆವರುವ ಹೆಬ್ಬೆರಳು. ಅದಕ್ಕೇ ಎರಡನೆಯ, ಮೂರನೆಯ ಸಲ ಅವನು ಬಾಟಲಿಯನ್ನು ಮುಟ್ಟುತ್ತಿರಲಿಲ್ಲ, ಮೇಲಿನಿಂದ ಗಾಜಿನ ಕೊಳವೆಯಲ್ಲಿ ಹೀರಿಕೊಳ್ಳುತ್ತಿದ್ದ. ಅವನು ನಲ್ಲಿಯ ಮುಂದೆ ನಿಂತು ಎಷ್ಟು ಹೊತ್ತು ಕೈ ತೊಳೆಯುತ್ತಿದ್ದನೋ, ಅಷ್ಟು ಹೊತ್ತು ಬಾಟಲಿಯಲ್ಲಿ ಉಪ್ಪು ತಳಕ್ಕೆ ಇಳಿಯುತ್ತಿತ್ತು. ಮೊದಲು ಬಂದ ಒಂಬತ್ತೇ ಖರೆ ಇತ್ತು.

ಆ ಜುಲೈಯಲ್ಲಿ ಒಂದು ಬೆಳಿಗ್ಗೆ ಕಮರುದ್ದೀನ ಬಾಗಿಲಲ್ಲಿ ನಿಂತು ಕೇಳಿದ್ದ.

"ಉದಯಾ, ತೊಟ್ಟಿ ಕೆಳಗಿನ ನೀರು ಚಹಾದ್ಹಂಗ ಬರಾಕತ್ತೈತಿ. ಎಣ್ಣಿ ಬಿಟ್ಟು ಇಳಿವಲ್ಲದು. ನಿನ್ನ ಅಂಕಿ ಏನಂತೈತಿ?"

ಒಂದು ಅಂತೈತಿ, ಎಂದು ಉದಯಕುಮಾರ ಹೇಳಿದ.

"ಹಂಗಾದ್ರ ನನ್ನ ಕಣ್ಣ ಕೆಟ್ಟಾವ ಬಿಡು. ನೀ ಬರದದ್ದು ಸುಳ್ಳ ಆಗೂದಿಲ್ಲ."

ಹೀಗೆ ಹೇಳಿ ಅವನು ನಗುತ್ತ ಹೋದ. ಜಗತ್ತಿನಲ್ಲಿ ಉದಯಕುಮಾರನ ಕೈಯನ್ನು ಅನುಮಾನಿಸದಿದ್ದವನು ಅವನೊಬ್ಬನೇ. ಆ ನಂಬಿಕೆಯೇ ಅವನನ್ನು ತಿಂದಿತು.

ಎರಡು ವರ್ಷ ನಾಲ್ಕು ತಿಂಗಳ ಮೇಲೆ, ಬೆಳಗಿನ ಹತ್ತು ಗಂಟೆಯ ಗಸ್ತಿಗೆ ಹೊರಟ ಕಮರುದ್ದೀನ ಎಣ್ಣೆ ಬಟ್ಟಿ ಇಳಿಸುವ ಗೋಪುರದ ಮೇಲಿನ ಕೊಳವೆಯೊಂದರ ತಿರುವನ್ನು ಎಂದಿನಂತೆ ಬಡಿದ. ಪ್ರಯೋಗಾಲಯದ ಕಿಟಕಿಯಿಂದ ಉದಯಕುಮಾರನಿಗೆ ಟಕ್ ಎಂಬ ಸಪ್ಪಳ ಕೇಳಿಸಿತು, ಇನ್ನೊಂದು ಟಕ್ ಕೇಳಿಸಿತು. ಮೂರನೆಯದು ಕೇಳಿಸಲಿಲ್ಲ. ಒಳಗಿನಿಂದ ಹಾಳೆಯಷ್ಟು ತೆಳ್ಳಗಾಗಿದ್ದ ಕೊಳವೆ ಬಿರಿದು, ಬೆಂಕಿ ಹತ್ತಿ, ಆರಿಸುವಷ್ಟರಲ್ಲಿ ಮನುಷ್ಯ ಉಳಿದಿರಲಿಲ್ಲ. ವಿಚಾರಣೆ ನಡೆಯಿತು. ಒತ್ತಡದಲ್ಲಿದ್ದ ಕೊಳವೆಗೆ ಅನುಮತಿಯಿಲ್ಲದೆ ಸ್ಪ್ಯಾನರಿನಿಂದ ಹೊಡೆದದ್ದೇ ಕಾರಣ, ಕಾರ್ಮಿಕನದೇ ಅಜಾಗರೂಕತೆ ಎಂದು ಬರೆದರು. ಕೊಳವೆ ಹಳೆಯದಾಗಿತ್ತು ಎಂಬುದಕ್ಕೆ ಒಂದು ಸಾಲು ಕೊಟ್ಟರು. ಉಪ್ಪಿನ ದಾಖಲೆಗಳನ್ನೂ ತೆಗೆಸಿ ನೋಡಿದರು, ಎಲ್ಲ ದಿನವೂ ಒಂದು, ಒಂದು, ಒಂದು. ಪ್ರಯೋಗಾಲಯಕ್ಕೆ ಶಹಭಾಸ್ ಸಿಕ್ಕಿತು.

ಅದರ ಮುಂದಿನ ತಿಂಗಳು ಪರೀಕ್ಷೆಯ ನಡುವೆ ಯಾರೋ ಕರೆದರೆಂದು ಉದಯಕುಮಾರ ಎದ್ದುಹೋದ, ಕಾಲು ಗಂಟೆ ಬಿಟ್ಟು ಬಂದು ಅದೇ ಬಾಟಲಿಯಿಂದ ಮತ್ತೆ ಎಣ್ಣೆ ತೆಗೆದ. ಕೈ ತೊಳೆದಿರಲಿಲ್ಲ. ಆದರೂ ಅಂಕಿ ಇಳಿದಿತ್ತು. ಬಾಟಲಿಯನ್ನೇ ನೋಡುತ್ತ ನಿಂತವನಿಗೆ ಆ ಮೂವತ್ತೇಳು ದಿನಗಳೂ ಒಂದೊಂದಾಗಿ ತಿಳಿದವು. ಕುರ್ಚಿಯ ಮೇಲೆ ಕೂತುಬಿಟ್ಟ. ಬಾಗಿಲಲ್ಲಿ ಯಾರೋ ನಿಂತಂತೆ ಅವನಿಗೆ ಮೊದಲ ಸಲ ಅನಿಸಿದ್ದು ಆ ಹೊತ್ತಿಗೆ.

ಆ ಉಪ್ಪೇ ಆ ಕೊಳವೆಯನ್ನು ತಿಂದಿತು ಎಂದು ಯಾರೂ ಆಣೆಯಿಟ್ಟು ಹೇಳಲಾರರು. ತಿನ್ನಲಿಲ್ಲ ಎಂದೂ ಹೇಳಲಾರರು. ಬೇರೆಯವರ ಪಾಳಿಗಳಲ್ಲೂ ಎಣ್ಣೆ ಹರಿದಿದೆ, ಕೊಳವೆಗೂ ವಯಸ್ಸಾಗಿದೆ. ಹೀಗೆ ಅವನು ತನ್ನ ಪರವಾಗಿ ತಾನೇ ವಕಾಲತ್ತು ಮಾಡಿ ನೋಡಿದ. ಆದರೆ ಸವೆದ ಕೊಳವೆ ಒಡೆಯಿತೇ ಹೊರತು ಕಮರುದ್ದೀನನ ಸ್ಪ್ಯಾನರ್ ಗಟ್ಟಿ ಕೊಳವೆಯನ್ನು ಒಡೆದಿರಲಿಲ್ಲ ಎಂಬುದಂತೂ ನಿಜ, ಮತ್ತು ಅದನ್ನು ಹೇಳಬಲ್ಲವನು ತಾನೊಬ್ಬನೇ ಎಂಬುದೂ ನಿಜ. ಬರೆಯದ ಅಂಕಿಗೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಅವನು ಹೇಳಲಿಲ್ಲ. ಎರಡು ವರ್ಷಕ್ಕೆ ಸ್ವಯಂನಿವೃತ್ತಿ ಪಡೆದು ಧಾರವಾಡಕ್ಕೆ ಬಂದ.

ಬಂದರೆ ಬಿಟ್ಟಿತೇ? ಗ್ಯಾಸಿನ ಸಿಲಿಂಡರ್ ತಂದವನು ಕಬ್ಬಿಣ ಬಡಿದರೆ ಇವನು ತಟ್ಟೆ ಬಿಟ್ಟು ಏಳುತ್ತಿದ್ದ. ಎದುರು ಮನೆಯವರು ಗೇಟಿನ ಚಿಲಕ ಆಡಿಸಿದರೆ ಎರಡು ಸಪ್ಪಳ ಎಣಿಸಿ, ಮೂರನೆಯದಕ್ಕೆ ಉಸಿರು ಹಿಡಿದು ಕಾಯುತ್ತಿದ್ದ. ದುರ್ಗದಬೈಲಿಗಂತೂ ಕಾಲಿಡುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಒಮ್ಮೆ ಧೈರ್ಯ ಮಾಡಿ ದೇಶಪಾಂಡೆ ನಗರಕ್ಕೆ ಹೋಗಿ ಬಾಳಕೃಷ್ಣರಾಯರ ಮುಂದೆ ಎಲ್ಲವನ್ನೂ ಹೇಳಿದ. ರಾಯರು ಕೈಯಲ್ಲಿದ್ದ ಚಹಾ ಆರುವ ತನಕ ಕೇಳಿ, ಕೈ ತೊಳೆಯಿರಿ ಎಂದು ತಾವು ಅವನಿಗೆ ಹೇಳಿದ್ದೇ ನೆನಪಿಲ್ಲ ಎಂದರು. ಹೇಳಿದ್ದರೂ ಎಲ್ಲರಿಗೂ ಹೇಳಿರಬೇಕು ಎಂದರು. ಸುಳ್ಳಾಡುವ ಮುಖವಲ್ಲ ಅದು, ಖರೆಯೇ ಅವರಿಗೆ ನೆನಪಿರಲಿಲ್ಲ. ಇವನ ಆಯುಷ್ಯವನ್ನೆಲ್ಲ ಆಳಿದ ಮಾತು ಅವರ ಬಾಯಿಂದ ಕೆಮ್ಮಿನ ಹಾಗೆ ಬಂದು ಹೋಗಿತ್ತು. ಆದರೂ ಉದಯಕುಮಾರ ಬರುವಾಗ ಅವರ ಕಾಲಿಗೆ ನಮಸ್ಕಾರ ಮಾಡಿಯೇ ಬಂದ, ಅದಕ್ಕಾಗಿ ಧಾರವಾಡಕ್ಕೆ ತಿರುಗಿ ಬರುವ ಚಿಗರಿ ಬಸ್ಸಿನಲ್ಲಿ ಕೂತು ತನ್ನನ್ನೇ ಬೈದುಕೊಂಡ.

ಈ ವರ್ಷ ಜನವರಿಯಲ್ಲಿ ಒಂದು ಫೋನ್ ಬಂತು. ಕಾಕಾ, ನಾ ಫಿರದೋಸ, ಕಮರುದ್ದೀನರ ಮಗಳು ಎಂದಿತು ದನಿ. ಅಪ್ಪ ಸತ್ತಾಗ ಹತ್ತು ವರ್ಷದವಳು, ಈಗ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಬೇರೆ ರಾಜ್ಯದ ಒಂದು ಎಣ್ಣೆ ಕಾರ್ಖಾನೆಯ ಪ್ರಯೋಗಾಲಯದಿಂದ ಕೆಲಸದ ಪತ್ರ ಬಂದಿದೆ, ಸೇರುವ ಮೊದಲು ಕೈಕೆಲಸದ ಪರೀಕ್ಷೆ ಕೊಡಬೇಕು. ತಾಯಿ ಮೀರಾಬಿ ಮಾತ್ರ ಸುತರಾಂ ಒಪ್ಪುವುದಿಲ್ಲ. ನಿನ್ನ ಅಪ್ಪನ ಕೈ ಬಂದಿದೆ ನಿನಗೆ, ಅವನು ಒಬ್ಬನೇ ಹೋದ, ನೀನು ಹತ್ತು ಜನರನ್ನು ಕರೆದುಕೊಂಡು ಹೋಗುತ್ತೀ ಎನ್ನುತ್ತಾಳೆ. ತಾಯಿಯನ್ನು ಹೇಗಾದರೂ ಒಪ್ಪಿಸುತ್ತೇನೆ, ಅಷ್ಟರಲ್ಲಿ ಉಪ್ಪಿನ ಪರೀಕ್ಷೆ ಕಲಿಸಿಕೊಡಿ ಎಂದು ಹುಡುಗಿ ಕೇಳಿದಳು. ಹೂಂ ಎನ್ನದೆ ಇರಲು ಇವನಿಗೆ ಮುಖವಿರಲಿಲ್ಲ.

ಐದು ರವಿವಾರ ಅವಳು ಹುಬ್ಬಳ್ಳಿಯಿಂದ ಬಂದಳು. ಹಿತ್ತಲ ಖೋಲಿಯಲ್ಲಿ ಅವನು ಗಾಜಿನ ಸಾಮಾನು ಹೊಂದಿಸಿಟ್ಟ. ಗ್ಯಾರೇಜಿನಿಂದ ತಂದ ಹಳೆ ಎಂಜಿನ್ ಎಣ್ಣೆಗೆ ಅಳೆದ ಉಪ್ಪುನೀರು ಕದಡಿ ಕಚ್ಚಾ ಎಣ್ಣೆ ಎಂದು ಕೊಟ್ಟ. ಅವಳು ಅದನ್ನು ಬಿಸಿನೀರಿನಲ್ಲಿ ಕುಲುಕಿ, ಉಪ್ಪನ್ನು ನೀರಿಗಿಳಿಸಿ, ಬೆಳ್ಳಿಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಬಣ್ಣ ಇಟ್ಟಿಗೆಗೆಂಪಿಗೆ ತಿರುಗುವ ಗಳಿಗೆಯನ್ನು ಕಾಯುತ್ತಿದ್ದಳು. ಅಪ್ಪನ ಹಣೆ, ಅಪ್ಪನ ಕಿವಿ. ಆದರೆ ಕೈ ಮಾತ್ರ ಅಲುಗುತ್ತಿರಲಿಲ್ಲ, ಕೆಲಸವಿಲ್ಲದಾಗ ಎರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ ಹೀಗೇಕೆ ಕೂರುತ್ತಾಳೆ ಎಂದು ಸಂಘಮಿತ್ರಾಗೂ ಸೋಜಿಗವಾಯಿತು.

ಐದನೆಯ ರವಿವಾರ ಉದಯಕುಮಾರ ಎಷ್ಟು ಉಪ್ಪು ಹಾಕಿದ್ದೇನೆಂದು ಹೇಳದೆ ಬಾಟಲಿ ಕೊಟ್ಟ. ಹಾಕಿದ್ದು ಮೂವತ್ತು. ಹುಡುಗಿಯ ಲೆಕ್ಕಕ್ಕೆ ಮೂವತ್ತೊಂದು ಬಂತು. ಬಹಳ ಛಲೋ ಕೈ ಎಂದು ಅವನು ಬಾಯಿ ತೆರೆಯುವ ಮೊದಲೇ ಫಿರದೋಸ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡು, ದುಪಟ್ಟಾಕ್ಕೆ ಒರೆಸಿದಳು.

"ಕಾಕಾ, ಇದು ಭಾಳ ಆತು. ನನ್ನ ಕೈದ ಉಪ್ಪ ಸೇರೈತಿ. ಕೈ ತೊಳಕೊಂಡು ಬಂದು ಇನ್ನೊಮ್ಮಿ ತಗೀತೇನಿ."

ಅವಳು ಎದ್ದು ನಲ್ಲಿಯ ಕಡೆ ಹೋದಳು. ಬಾಟಲಿ ಮೇಜಿನ ಮೇಲೆ ನಿಂತಿತ್ತು. ನಲ್ಲಿಯಿಂದ ನೀರು ಬೀಳುವ ಸಪ್ಪಳ ಕೇಳಿಸುತ್ತಿತ್ತು. ಉದಯಕುಮಾರ ಬಾಟಲಿಯನ್ನು ನೋಡಿದ, ಹೊಸ್ತಿಲನ್ನು ನೋಡಿದ. ತನ್ನ ಹಾಗೆ ತನ್ನನ್ನು ತಾನೇ ನಂಬದ ಇನ್ನೊಂದು ಜೀವ ಕಣ್ಣೆದುರು ತಯಾರಾಗಿ ನಿಂತಿತ್ತು, ಅದನ್ನು ತಯಾರು ಮಾಡಿದ್ದು ಆ ವಿಚಾರಣೆಯ ಕಾಗದ, ಆ ಕಾಗದವನ್ನು ಖರೆ ಮಾಡಿದ್ದು ತನ್ನ ಮುಚ್ಚಿದ ಬಾಯಿ. ಇನ್ನು ಸುಮ್ಮನಿರುವುದು ಅವನಿಂದ ಆಗಲಿಲ್ಲ.

"ಫಿರದೋಸ, ಕೈ ತೊಳಿಬ್ಯಾಡ. ಬಾ ಇಲ್ಲೆ, ಕುಂಡ್ರು. ಮೊದಲ ಬಂದದ್ದ ಖರೇ ಐತಿ. ಅದನ್ನ ಬರಿ."

ಅವಳು ಬಂದು ಕೂತಳು, ಬರೆದಳು. ಆಮೇಲೆ ಅವನು ಹೇಳತೊಡಗಿದ. ಒಂಬತ್ತು, ಮೂರು, ಒಂದು. ಬಾಟಲಿ, ನಲ್ಲಿ, ಹೆಬ್ಬೆರಳು. ಚಹಾದ ಬಣ್ಣದ ನೀರು, ಬಾಗಿಲಲ್ಲಿ ಅವಳ ಅಪ್ಪ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ಸಂಘಮಿತ್ರಾ ಚಹಾ ತಂದವಳು ತಟ್ಟೆ ಹಿಡಿದು ಅಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಹೇಳಿ ಮುಗಿದ ಮೇಲೆ ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. ಇದನ್ನ ನನಗ ಹೇಳಿದ್ರ ಏನೂ ಆಗೂದಿಲ್ಲ ಕಾಕಾ, ಅಮ್ಮಿಗೆ ಹೇಳ್ರಿ, ಎಂದು ಮೆಲ್ಲಗೆ ಹೇಳಿ ಚೀಲ ತೆಗೆದುಕೊಂಡು ಹೊರಟುಹೋದಳು. ಮುಂದಿನ ರವಿವಾರ ಬರಲಿಲ್ಲ. ಕೆಲಸಕ್ಕೆ ಸೇರುವ ತಾರೀಖಿಗೆ ಹನ್ನೊಂದು ದಿನ ಉಳಿದಿತ್ತು.

ಆ ವಾರ ಉದಯಕುಮಾರ ಉಂಡದ್ದು ಅಷ್ಟಕ್ಕಷ್ಟೆ. ಹೋದರೆ ಮೀರಾಬಿ ಏನೆನ್ನುತ್ತಾಳೆ, ಓಣಿಯವರೆಲ್ಲ ಕೂಡಿ ಏನು ಮಾಡುತ್ತಾರೆ, ಅರವತ್ತೆರಡರ ವಯಸ್ಸಿನಲ್ಲಿ ಕೊಲೆಗಡುಕ ಅನ್ನಿಸಿಕೊಳ್ಳಬೇಕೇ ಎಂದು ಲೆಕ್ಕ ಹಾಕುತ್ತಿದ್ದ. ಹೋಗದಿದ್ದರೆ ಹುಡುಗಿಯ ಕೆಲಸ ಹೋಗುತ್ತದೆ, ಸತ್ತವನ ಮೇಲಿನ ಅಪವಾದ ಹಾಗೇ ಉಳಿಯುತ್ತದೆ. ಸಂಘಮಿತ್ರಾ ಆರು ದಿನ ಸುಮ್ಮನಿದ್ದು ನೋಡಿದಳು. ಏಳನೆಯ ದಿನ ಅವನ ಅಂಗಿಗೆ ಇಸ್ತ್ರಿ ಹಾಕಿ ಮಂಚದ ಮೇಲಿಟ್ಟಳು.

"ಹೋಗ್ರಿ ಅಂತ ನಾ ಹೇಳೂದಿಲ್ಲ. ಆದ್ರ ಹೋಗಲಿಲ್ಲಂದ್ರ, ಬಾಗಲದಾಗ ಸರದು ಯಾರಿಗೂ ದಾರಿ ಬಿಡಬ್ಯಾಡ್ರಿ. ಅದನ್ನ ನನ್ನ ಕಡಿಂದ ನೋಡೂದಾಗೂದಿಲ್ಲ."

ಮರುದಿನ ಮಧ್ಯಾಹ್ನ ಚಿಗರಿ ಬಸ್ಸು ಇಳಿದು ಅವನು ದುರ್ಗದಬೈಲಿಗೆ ನಡೆದ. ಮೀರಾಬಿಯ ಮನೆಗೆ ಹೋಗಬೇಕಾದರೆ ಪಾತ್ರೆ ಅಂಗಡಿಗಳ ಸಾಲು ದಾಟಲೇಬೇಕು. ನಮ್ಮ ಹೆಣ್ಣುಮಕ್ಕಳು ಬಡಿದು ನೋಡದೆ ಒಂದು ತಂಬಿಗೆಯನ್ನಾದರೂ ಕೊಂಡಾರೇ? ಸಾಲಿನುದ್ದಕ್ಕೂ ಕೊಡ, ಹಂಡೆ, ಪರಾತಗಳನ್ನು ಎತ್ತಿ ಹಿಡಿದು, ಬೆರಳ ಗಂಟಿನಿಂದ, ಬಳೆಯಿಂದ, ಕೀಲಿಕೈಯಿಂದ ಬಡಿದು ಕಿವಿಗೊಡುತ್ತಿದ್ದರು. ಟಕ್ ಟಕ್. ಎಡಕ್ಕೆ ಟಕ್, ಬಲಕ್ಕೆ ಟಕ್. ಹನ್ನೆರಡು ವರ್ಷ ಅವನು ತಪ್ಪಿಸಿಕೊಂಡ ಸಪ್ಪಳವೆಲ್ಲ ಅಲ್ಲಿ ಕಾದಿತ್ತು. ಎದೆ ಹಿಡಿದುಕೊಂಡು ಒಂದು ಅಂಗಡಿಯ ಕಟ್ಟೆಗೆ ಒರಗಿದ. ಅಂಗಡಿಯ ಮುದುಕ ಫಕ್ರುಸಾಬ, ಏನ್ರೀ, ಬಿಸಲ ಹತ್ತಿತೇನ್ರಿ ಎಂದು ನೀರು ಕೊಟ್ಟ. ಕುಡಿದು, ಕಮರುದ್ದೀನರ ಮನೆ ಯಾವುದೆಂದು ಕೇಳಿದ. ಮುದುಕ ಒಂದು ಗಳಿಗೆ ಅವನ ಮುಖ ನೋಡಿ, ಪೈಪ ಬಡದು ಸತ್ತನಲ್ಲ, ಅವನ ಮನಿಯೇನ್ರಿ, ಎಂದು ಬೆರಳು ಮಾಡಿ ತೋರಿಸಿದ. ಓಣಿಯಲ್ಲಿ ಅವನಿಗೆ ಉಳಿದದ್ದು ಆ ಹೆಸರು. ಉದಯಕುಮಾರ ಎದ್ದು ನಡೆದ.

ಮೀರಾಬಿ ಸೀರೆಗಳಿಗೆ ಫಾಲ್ ಹಚ್ಚುತ್ತ ಕೂತಿದ್ದಳು. ಐವತ್ತರ ಹತ್ತಿರದ, ತೆಳ್ಳಗಿನ, ಬಿಗಿದ ತುಟಿಯ ಹೆಂಗಸು. ಗುರುತು ಹಿಡಿದು, ಬರ್ರಿ ಎಂದು ಚಾಪೆ ಹಾಸಿದಳು. ಒಳಬಾಗಿಲಲ್ಲಿ ಫಿರದೋಸ ಬಂದು ನಿಂತಳು. ಮಗಳು ಏನೂ ಹೇಳಿರಲಿಲ್ಲ ಎಂದು ಅವನಿಗೆ ತಾಯಿಯ ಮುಖ ನೋಡಿದ ಕೂಡಲೇ ಗೊತ್ತಾಯಿತು. ಅವನು ನೀರನ್ನೂ ಮುಟ್ಟದೆ ಹೇಳಿದ. ಮೀರಾಬಿಗೆ ರಸಾಯನಶಾಸ್ತ್ರ ತಿಳಿಯದು, ಆದ್ದರಿಂದ ಅಡಿಗೆಮನೆಯ ಮಾತಿನಲ್ಲೇ ಹೇಳಿದ. ಎಣ್ಣೆಯಲ್ಲಿ ಉಪ್ಪು ಉಳಿದಿತ್ತು, ಉಪ್ಪು ಕಬ್ಬಿಣವನ್ನು ತಿಂದಿತು, ಉಪ್ಪು ಉಳಿದಿದೆ ಎಂದು ತಾನು ಬರೆಯಬೇಕಿತ್ತು, ಬರೆಯಲಿಲ್ಲ. ನೀರು ಸರಿಯಿಲ್ಲ ಎಂದು ನಿಮ್ಮವರು ಬಂದು ಹೇಳಿದ್ದರು, ನನ್ನ ಅಂಕಿ ನಂಬಿ ತಿರುಗಿ ಹೋದರು. ಗಟ್ಟಿ ಕೊಳವೆಯಾಗಿದ್ದರೆ ಅವರು ನೂರು ಸಲ ಬಡಿದರೂ ಏನೂ ಆಗುತ್ತಿರಲಿಲ್ಲ. ಅವರ ತಪ್ಪು ಇರಲಿಲ್ಲ, ತಪ್ಪು ನನ್ನದು.

ಮೀರಾಬಿ ಸೂಜಿಯನ್ನು ಸೀರೆಗೆ ಚುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ, ಇದು ನಿಮಗೆ ಯಾವಾಗ ಗೊತ್ತಾಯಿತು ಎಂದಷ್ಟೇ ಕೇಳಿದಳು. ಅವರು ತೀರಿಕೊಂಡ ಮುಂದಿನ ತಿಂಗಳು ಎಂದು ಅವನು ಹೇಳಿದ. ಅವಳು ಬೆರಳು ಮಡಚಿ ವರ್ಷಗಳನ್ನು ಎಣಿಸುವುದನ್ನು ಅವನು ನೋಡಿದ.

"ಈ ಹುಡಗಿ ಸಣ್ಣಾಕಿ ಇದ್ದಾಗ ತಾಟ ಬಡದ್ರ, ಪಾಟಿ ಬಡದ್ರ, ನಿಮ್ಮಪ್ಪನ್ಹಂಗ ಸಾಯ್ತೀಯೇನು ಅಂತ ಕೈ ಮ್ಯಾಲೆ ಹೊಡದೇನಿ ನಾ. ಬರಿ ಬಿದ್ದಾವು. ಆಕೀಗೆ ಹೊಡದದ್ದು ಬಿಡ್ರಿ, ಆಕಿ ಅದಾಳ, ಆಕೀನ್ನ ತೊಡಿ ಮ್ಯಾಲೆ ಹಾಕ್ಕೊಂಡು ಅತ್ತೇನು. ಅವರಿಗೆ ಏನ ಮಾಡ್ಲಿ? ಸತ್ತ ದಿವಸ ನಾ ಅಳಲಿಲ್ರಿ. ಜನಾ ಅಳು ಅಂದ್ರು. ಸುಮ್ಮನಿರಲಾರದ ಕೈಯಿಂದ ನಮ್ಮನ್ನ ಬೀದಿಗೆ ಹಾಕಿ ಹೋದಿ ಅಂತ ಬೈಕೋತ ಕುಂತೆ. ಹನ್ನೆರಡ ವರ್ಷ ಬೈದ್ನಿ. ಕಬರಿಗೆ ಹೋಗಿ ಬೈದು ಬಂದೇನಿ. ನೀವು ಆ ಮುಂದಿನ ತಿಂಗಳಾ ಬಂದಿದ್ರ, ನನ್ನ ಗಂಡಗ ನಾ ಅಳತಿದ್ನಲ್ರಿ."

ಉದಯಕುಮಾರ ಬೈಗುಳಕ್ಕೆ ತಯಾರಾಗಿ ಬಂದಿದ್ದ, ಹೊಡೆತಕ್ಕೂ ತಯಾರಾಗಿ ಬಂದಿದ್ದ. ಒಬ್ಬ ಹೆಂಗಸಿನ ಅಳುವನ್ನು ತಾನು ಹನ್ನೆರಡು ವರ್ಷ ಕಟ್ಟಿಹಾಕಿದ್ದೆ ಎಂಬ ಯೋಚನೆ ಅವನಿಗೆ ಯಾವ ದಿನವೂ ಬಂದಿರಲಿಲ್ಲ. ತನ್ನ ಪಾಪದ ಲೆಕ್ಕವನ್ನು ಅಷ್ಟು ಸಲ ಮಾಡಿದವನು ಇದೊಂದನ್ನು ಬಿಟ್ಟೇ ಮಾಡಿದ್ದ.

ಮೀರಾಬಿ ಮಗಳ ಕಡೆ ತಿರುಗಿ, ಆ ಕೆಲಸದ ಕಾಗದ ಎಲ್ಲಿಟ್ಟೀ, ತಯಾರಿ ಮಾಡ್ಕೋ ಹೋಗು ಎಂದಳು. ದನಿ ಅಲ್ಲಿಯ ತನಕ ಗಟ್ಟಿಯಿತ್ತು. ಹೋಗು ಎಂಬ ಮಾತಿಗೆ ಬಂದಾಗ ಒಡೆಯಿತು. ಅವಳು ಗೋಡೆಯ ಕಡೆ ಮುಖ ಮಾಡಿ, ಸೆರಗನ್ನು ಬಾಯಿಗೊತ್ತಿಕೊಂಡಳು. ಗಂಡ ನಿನ್ನೆ ಸತ್ತವರು ಅಳುವ ಹಾಗೆ ಅಳು ಬಂತು, ಅವನ ಹೆಸರು ಹಿಡಿದು ಕರೆದಳು, ತಪ್ಪಾತು ತಪ್ಪಾತು ಎಂದು ಗೋಡೆಗೆ ಹಣೆ ಇಟ್ಟಳು. ಫಿರದೋಸ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು.

ಉದಯಕುಮಾರ ಮೆಲ್ಲಗೆ ಎದ್ದು ಬಾಗಿಲ ಕಡೆ ಹೆಜ್ಜೆ ಇಟ್ಟ.

"ಎಲ್ಲಿಗೆ ಹೊಂಟ್ರಿ?" ಮೀರಾಬಿ ತಿರುಗದೆಯೇ ಕೇಳಿದಳು. "ಕುಂಡ್ರಿ. ಅವರನ್ನ ಬಲ್ಲವರು ಇಲ್ಲೆ ಮತ್ತ್ಯಾರ ಅದಾರ?"

ಅವನು ಚಾಪೆಯ ಮೇಲೆ ಕೂತ. ಸತ್ತವರ ಮನೆಯಲ್ಲಿ ಕೂರುವ ಹಾಗೆ ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ, ಯಾರಾದರೂ ಏಳು ಎನ್ನುವ ತನಕ ಕೂತ.